ಗಂಜಿಯ ಹಾಳೆ ಮತ್ತು ಅಮ್ಮನ ಮೈಲಿಗೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಜಂಗಮಕೋಟೆಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದವರು ಅಮ್ಮ. ಎಳೆಹುಳುವಿನ ತಟ್ಟೆಗೆ ಮೇಣದ ಕಾಗದ ಮುಚ್ಚದಿದ್ದರೆ ಸಣ್ಣಗೆ ಹೆಚ್ಚಿ ಹಾಕಿದ ಹಿಪ್ಪುನೇರಳೆ ಸೊಪ್ಪು ಬಾಡುತ್ತದೆ. ಆ ಕಾಗದ ಸುಲಭವಾಗಿ ಸಿಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಚಿಕ್ಕಪ್ಪ ತಾನೇ ಹಾಳೆ ಮಾಡಲು ಹೊರಟ.

ಮುಸುಕಿನ ಜೋಳದ ಪಿಷ್ಟದಿಂದ ಗಂಜಿ ಕಾಯಿಸಿ, ಗ್ಲಿಸರಿನ್ ಬೆರೆಸಿ, ಗಾಜಿನ ಮೇಲೆ ಸುರಿದು ಒಣಗಿಸಿದ. ಹಾಳೆ ಮಡಚುವಷ್ಟು ಮೆತ್ತಗೆ ಬಂತು. ಸೊಪ್ಪಿನ ತೇವಕ್ಕೆ ಮತ್ತೆ ಗಂಜಿಯಾಯಿತು. ಎರಡನೆಯ ಸಲ ಫಾರ್ಮಲಿನ್ ಹಾಕಿದ. ಅದು ಪಿಷ್ಟವನ್ನು ಒಳಗೊಳಗೇ ಹೆಣೆದು ಕಟ್ಟುತ್ತದೆ, ಆಮೇಲೆ ನೀರು ಅದನ್ನು ಕರಗಿಸಲಾರದು ಎಂದು ವಿವರಿಸಿದ. ಮಾತು ನಿಜ. ಹುಳುವಿನ ಮನೆ ತೊಳೆಯುವ ಔಷಧಿಯೂ ಅದೇ. ತೊಳೆದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಹುಳುವನ್ನು ಒಳಗೆ ತರುವುದಿಲ್ಲ. ಹಾಳೆಯ ವಾಸನೆ ಇನ್ನೂ ಮೂಗಿಗೆ ಅಡರುತ್ತಿದೆ ಎಂದು ಅಮ್ಮ ಹೇಳಿದರು. ಏನೂ ಆಗುವುದಿಲ್ಲವೆಂದು ಅವನೇ ಹೊದಿಸಿದ.

ಬಹಳಷ್ಟು ಹುಳುಗಳು ಸತ್ತವು. ಚಿಕ್ಕಪ್ಪ ಉಳಿದವುಗಳಲ್ಲಿ ಕೆಲವಕ್ಕೆ ಹಾಳೆ ಮುಚ್ಚಿ, ಕೆಲವನ್ನು ಹಾಗೇ ಬಿಟ್ಟು ನನ್ನೆದುರೇ ಪರೀಕ್ಷಿಸಿದ. ಮುಚ್ಚಿದವು ಮಾತ್ರ ಸತ್ತವು.

ಮುಟ್ಟಾದ ಹೆಂಗಸು ಹುಳುವಿನ ಮನೆಗೆ ಕಾಲಿಡಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಅಜ್ಜಿ ಅಮ್ಮನನ್ನು ನಡುಮನೆಯಲ್ಲಿ ನಿಲ್ಲಿಸಿದರು.

“ಹೊರಗಾಗಿದ್ದನ್ನ ಮುಚ್ಚಿಟ್ಕೊಂಡು ಒಳಗೆ ಹೋಗಿದೀಯ ಕಣೇ.”

ಅಮ್ಮ ಇಲ್ಲವೆಂದರು. ನಾನು ಪರೀಕ್ಷೆಯ ವಿಷಯ ಹೇಳಿದೆ. ಅಜ್ಜಿ ಚಿಕ್ಕಪ್ಪನನ್ನು ಕೇಳಿದರು. ಅವನು, ಅದನ್ನೆಲ್ಲ ಹಾಗೆ ಖಚಿತವಾಗಿ ಹೇಳಲಾಗದು ಎಂದ. ಅಂದಿನಿಂದ ಅಮ್ಮನಿಗೆ ಹುಳುವಿನ ಮನೆ ಬಾಗಿಲು ಮುಚ್ಚಿತು. ನಿಜ ಯಾಕೆ ಹೇಳಲಿಲ್ಲವೆಂದು ಹಿತ್ತಿಲಲ್ಲಿ ಅಮ್ಮ ಅವನನ್ನು ನೇರವಾಗಿ ಕೇಳಿದಾಗ ಬಂದ ಉತ್ತರ ಇದು:

“ಈಗ ಬಿಡಿ ಅತ್ತಿಗೆ. ಮುಂದಿನ ಸಲ ಹಾಳೇನ ಚೆನ್ನಾಗಿ ಬಿಸಿಲಿಗೆ ಹಾಕ್ತೀನಿ.”

ತಿಳಿಯದೆ ಮಾಡಿದ್ದನ್ನು ನಾನು ಮನ್ನಿಸಬಲ್ಲೆ. ಈ ಮಾತಿಗೆ ಇಂದಿಗೂ ನನ್ನ ರಕ್ತ ಕುದಿಯುತ್ತದೆ.

ಹೇಳಿದಂತೆಯೇ ಮಾಡಿದ. ವಾಸನೆ ಹೋಗುವವರೆಗೆ ಒಣಗಿಸಿದ ಹಾಳೆಯ ಕೆಳಗೆ ಮುಂದಿನ ಹುಳುಗಳು ಚೆನ್ನಾಗಿ ಬೆಳೆದವು. ಅಮ್ಮ ಹೊಸ್ತಿಲಾಚೆ ಕೂತು ಸೊಪ್ಪು ಹೆಚ್ಚಿ ಒಳಗೆ ಕೊಡುತ್ತಿದ್ದರು. ಅಜ್ಜಿ ಎಲ್ಲರ ಮುಂದೆ ಅಂದರು:

“ನೋಡ್ದೇನೇ, ನೀನು ಒಳಗೆ ಹೋಗ್ಲಿಲ್ಲ, ಹುಳ ಬದುಕಿದ್ವು.”

ಚಿಕ್ಕಪ್ಪ ನಕ್ಕ. ಅಮ್ಮ ಕತ್ತಿ ಕೆಳಗಿಟ್ಟು ಎದ್ದರು.

“ಸೊಪ್ಪು ಹೆಚ್ಚೋಕೂ ನಿನ್ ಹಾಳೇಗೇ ಹೇಳಪ್ಪ.”

ಆ ಹೊತ್ತು ಹುಳುಗಳಿಗೆ ಮೇವು ತಡವಾಯಿತು. ಚಿಕ್ಕಪ್ಪನಿಗೆ ಸಣ್ಣಗೆ ಹೆಚ್ಚಲು ಬರುತ್ತಿರಲಿಲ್ಲ.