ಉಪದೇಶಿಯವರು ಬಡಿಸಿದ ಊಟ

ಅವರ ಮುಖದಲ್ಲಿ ಬೆರಳಿಡುವಷ್ಟೂ ನಯವಾದ ಜಾಗ ಇರಲಿಲ್ಲ. ಹಣೆ, ಕೆನ್ನೆ, ಮೂಗು, ರೆಪ್ಪೆಯ ಮೇಲೆ ಕೂಡ ಸಿಡುಬಿನ ಗುಳಿಗಳು. ಎಡಗಣ್ಣು ಸುಲಿದ ತಾಟಿನುಂಗಿನ ಹಾಗೆ ಬೆಳ್ಳಗೆ. ಮಕ್ಕಳನ್ನು ಹೆದರಿಸಲು ಬೇರೆ ಗುಮ್ಮ ಬೇಕಿರಲಿಲ್ಲ. ನಮ್ಮ ಸಭೆಯವರು ಅಂಥವರನ್ನೇ ಉಪದೇಶಿ ಮಾಡಿ ಮಕ್ಕಳಿಗೆ ಪಾಠ ಹೇಳಲು ಕೂರಿಸಿದ್ದರು ನೋಡಿ!

ಉಪದೇಶಿ ಅಂದರೆ ಪಾದ್ರಿ ಅಲ್ಲ. ಮನೆಮನೆಗೆ ಹೋಗಬಹುದು, ಪ್ರಾರ್ಥನೆ ಮಾಡಬಹುದು, ಹೆಣದ ಮುಂದೆ ಕೀರ್ತನೆ ಹಾಡಬಹುದು. ದೀಕ್ಷಾಸ್ನಾನ ಕೊಡುವುದು, ಕರ್ತನ ಭೋಜನದ ರೊಟ್ಟಿ ಮುರಿಯುವುದು ಪಾದ್ರಿ ಅಯ್ಯನವರ ಕೈಗೆ ಮಾತ್ರ. ಈ ಗೆರೆಯನ್ನು ನಮ್ಮ ಮಂಗಳೂರಿನ ಸಭೆಯಲ್ಲಿ ಯಾರೂ ದಾಟುತ್ತಿರಲಿಲ್ಲ. ಆಗ ಇವರೂ ದಾಟಿದವರಲ್ಲ. ಕೀರ್ತನೆ ಹಾಡುವಾಗ ರಾಗ ಒಂದು ಕಡೆ ಹೋದರೆ ಇವರು ಇನ್ನೊಂದು ಕಡೆ ಹೋಗುತ್ತಿದ್ದರು, ಅಷ್ಟೇ ಇವರ ಅಪರಾಧ.

ಕರ್ತನ ಭೋಜನಕ್ಕೆ ಸೇರುವ ಮೊದಲು ಮಕ್ಕಳು ಕಲಿಯಬೇಕಾದ ದೃಢೀಕರಣದ ಪಾಠಕ್ಕೆ ನಾನು ಕೂತದ್ದು ಮೊದಲನೆಯ ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ. ಅಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸ. ದೇವಾಲಯದ ಜಗಲಿಯಲ್ಲಿ ಚಾಪೆ ಹಾಸಿ ಉಪದೇಶಿಯವರು ಕೇಳುತ್ತಿದ್ದರು: ದೇವರು ತನ್ನನ್ನು ಮನುಷ್ಯರಿಗೆ ಹೇಗೆ ತಿಳಿಯಪಡಿಸುತ್ತಾನೆ? ನಾವು ಮಗ್ಗಿ ಒಪ್ಪಿಸುವವರ ಹಾಗೆ ಕಿರುಚುತ್ತಿದ್ದೆವು, ಸೃಷ್ಟಿಯಿಂದ, ಮನಸ್ಸಾಕ್ಷಿಯಿಂದ, ವಾಕ್ಯದಿಂದ, ಕಡೆಗೆ ತನ್ನ ಮಗನಿಂದ. ಸರಿ ಹೇಳಿದರೂ ಶಹಭಾಸ್ ಇಲ್ಲ. "ಬಾಯಿಗೆ ಬಂತು. ಹೊಟ್ಟೆಗೆ ಹೋಯಿತಾ?" ಅನ್ನುತ್ತಿದ್ದರು. ಹೊಟ್ಟೆಗೆ ಹೋಗಲು ಅದೇನು ನೀರುದೋಸೆಯಾ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನನ್ನದು ಮೊದಲಿನಿಂದಲೂ ಉದ್ದ ನಾಲಿಗೆ. ಅಮ್ಮನ ತವರಿನವರು ಸಭೆಗೆ ಸೇರಿದವರಲ್ಲ, ಅಲ್ಲಿ ದೈವಕ್ಕೆ ವರ್ಷಕ್ಕೊಮ್ಮೆ ಕೋಲ ನಡೆಯುತ್ತಿತ್ತು. ಅಜ್ಜಿಮನೆಯ ದೈವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಮಾತಾಡ್ತದೆ, ನಮ್ಮ ದೇವರಿಗೆ ಎಂತ, ಬಾಯಿಲ್ಲವಾ ಎಂದು ಒಂದು ದಿನ ಕೇಳಿಯೇ ಬಿಟ್ಟೆ. ಬೆತ್ತದ ಏಟು ಬೀಳುತ್ತದೆ ಎಂದು ಪಕ್ಕದವಳು ದೂರ ಸರಿದು ಕೂತಳು. ಉಪದೇಶಿಯವರು ಒಂದೇ ಕಣ್ಣಲ್ಲಿ ನನ್ನನ್ನು ನೋಡಿದರು. ಆ ಪ್ರಶ್ನೆ ನನಗೂ ಉಂಟು ಮಗಾ ಎಂದು ಮುಂದಿನ ಪಾಠಕ್ಕೆ ಹೋದರು. ಉತ್ತರ ಕೊಡಲಿಲ್ಲವೆಂದು ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಆ ಬೇಸಿಗೆಯಲ್ಲಿ ಸಿಡುಬು ಬಂತು. ನಮ್ಮ ಮನೆಯಲ್ಲಿ ಮೊದಲು ಮಲಗಿದ್ದು ತಮ್ಮ. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅಮ್ಮ ಮಂಡಿಯೂರಿ ಪ್ರಾರ್ಥಿಸಿದಳು, ಮಂಡಿಯ ಚರ್ಮ ಸುಲಿದುಹೋಯಿತು. ಮಗುವಿಗೆ ಜ್ವರ ಏರುತ್ತಲೇ ಇತ್ತು. ಕಡೆಗೆ ತವರಿಗೆ ಓಡಿ ದೈವದ ಮುಂದೆ ಸೆರಗೊಡ್ಡಿದಳು. ದೈವ ಪಾತ್ರಿಯ ಮೈಮೇಲೆ ಬಂದು ಅವಳನ್ನು ಬಾಲ್ಯದ ಹೆಸರಿನಿಂದ ಕರೆದು, ಹೆದರಬೇಡ, ನಾನಿದ್ದೇನೆ ಅಂದಿತಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಜೀವ ಇತ್ತು. ಎರಡು ದಿನಕ್ಕೆ ತಮ್ಮ ಸತ್ತ.

ಸುದ್ದಿ ಹಿರಿಯರಿಗೆ ಮುಟ್ಟಿತು. ನಮ್ಮಲ್ಲಿ ದೈವದ ಹತ್ತಿರ ಹೋದವರಿಗೆ ಕರ್ತನ ಭೋಜನ ಇಲ್ಲ. ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನಬೇಕು. ಅನ್ನದೆ ಸತ್ತರೆ ಸ್ಮಶಾನದ ಗೋಡೆಯ ಒಳಗೆ ಜಾಗವೂ ಇಲ್ಲ, ಹೊರಗೆ ಮುಳ್ಳಿನ ಪೊದೆಯಲ್ಲಿ ಹೂಳುವುದು. ಅಮ್ಮ ಒಪ್ಪಲಿಲ್ಲ. ಎರಡು ಕಡೆಯೂ ಕೇಳಿದೆ, ಒಂದು ಕಡೆ ನನ್ನನ್ನು ಮಾತಾಡಿಸಿದರು, ಅದಕ್ಕೆ ಎಂಥ ತಪ್ಪೊಪ್ಪಿಗೆ ಅಂದಳು. ಹಟಮಾರಿ ಹೆಂಗಸು. ನನಗೂ ಅದೇ ಬಂದಿದೆ.

ವಾರ ಕಳೆಯುವುದರೊಳಗೆ ಅವಳೂ ಮಲಗಿದಳು. ಅಯ್ಯನವರು ಗೇಟಿನ ತನಕ ಬಂದು ಅಲ್ಲಿಂದಲೇ ಹೋದರು, ಅವರಿಗೂ ಸಣ್ಣ ಮಕ್ಕಳಿದ್ದವು. ಒಳಗೆ ಬಂದದ್ದು ಉಪದೇಶಿಯವರು ಒಬ್ಬರೇ. ಒಮ್ಮೆ ಸಿಡುಬು ಆದವರಿಗೆ ಮತ್ತೆ ಆಗುವುದಿಲ್ಲ. ಶಾಲೆಯಲ್ಲಿ ಸಿಡುಬು ತಡೆಯುವ ದಾಕು ಹಾಕಿಸಿಕೊಂಡಿದ್ದ ನನಗೂ ಭಯವಿರಲಿಲ್ಲ. ಅಮ್ಮನಿಂದ ತಪ್ಪೊಪ್ಪಿಗೆ ತೆಗೆದುಕೊಂಡು ಬಾ ಎಂದೇ ಹಿರಿಯರು ಅವರನ್ನು ಕಳಿಸಿದ್ದರು. ಅವರು ಅದನ್ನು ಕೇಳಲೇ ಇಲ್ಲ. ಬಾಳೆಲೆಯ ಮೇಲೆ ಮಲಗಿದ್ದ ಅಮ್ಮನ ಪಕ್ಕ ಕೂತು ಬೇವಿನ ಸೊಪ್ಪಿನಿಂದ ನೊಣ ಓಡಿಸುತ್ತಿದ್ದರು. ಅಮ್ಮನೇ ಕೇಳಿದಳು. ಗಂಟಲೊಳಗೂ ಬೊಕ್ಕೆ ಎದ್ದು ಸ್ವರ ಒಡೆದಿತ್ತು.

"ಉಪದೇಶಿಯವರೇ, ಇಷ್ಟು ವರ್ಷ ಪಾಠ ಹೇಳಿದಿರಿ. ನಿಮ್ಮ ಹತ್ತಿರ ಆ ದೇವರು ಒಂದು ಸಲವಾದರೂ ಮಾತಾಡಿದ್ದುಂಟಾ?"

ಸೃಷ್ಟಿ, ಮನಸ್ಸಾಕ್ಷಿ ಎಂದು ಶುರುಮಾಡುತ್ತಾರೆ ಅಂದುಕೊಂಡೆ.

"ಇಲ್ಲ ತಂಗಿ," ಅಂದರು. "ನನ್ನ ಹೆಂಡತಿ ಮಕ್ಕಳು ಇದೇ ರೋಗದಲ್ಲಿ ಹೋದಾಗ ನಾನೂ ಕೇಳಿದ್ದೆ. ಒಂದು ಶಬ್ದ ಬರಲಿಲ್ಲ. ಶಿಲುಬೆಯ ಮೇಲೆ ಅವನು ಕೂಗಿದಾಗ ಅವನಿಗೂ ಬರಲಿಲ್ಲ. ಕೂಗಿ ಉತ್ತರ ಸಿಗದೆ ಸತ್ತನಲ್ಲ, ಅವನೇ ದೇವರು ಅಂತ ನಾನು ನಂಬಿದ್ದೇನೆ. ನನಗೆ ಕಂಡ ದೇವರು ಅಷ್ಟೇ. ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಎಂತದೂ ಇಲ್ಲ."

ಅಮ್ಮನ ಕಣ್ಣು ಮುಚ್ಚಿಸಿದ್ದ ಕೀವಿನ ನಡುವಿನಿಂದ ನೀರು ಇಳಿಯಿತು. ಆಮೇಲೆ, ಅವನ ಊಟ ನನಗೆ ಕೊಡುತ್ತೀರಾ ಎಂದು ಕೇಳಿದಳು.

ಮನೆಯಲ್ಲಿ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ, ಇದ್ದರೂ ಅವಳಿಗೆ ನುಂಗಲಾಗುತ್ತಿರಲಿಲ್ಲ. ಒಲೆಯ ಮೇಲೆ ಗಂಜಿ ಇತ್ತು. ಉಪದೇಶಿಯವರು ನನಗೆ ತಿಳಿ ಬಸಿದು ತರಲು ಹೇಳಿದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು. ಅಯ್ಯನವರು ಮಾತ್ರ ಹೇಳಬಹುದಾದ ಮಾತುಗಳನ್ನು ಒಂದೂ ಬಿಡದೆ ಹೇಳಿ, ಹಲಸಿನೆಲೆಯ ದೊನ್ನೆಯಲ್ಲಿ ಅವಳ ಬಾಯಿಗೆ ಬಿಟ್ಟರು. ಸ್ವಲ್ಪ ಒಳಗೆ ಹೋಯಿತು, ಹೆಚ್ಚಿನದು ಕೆನ್ನೆಯ ಮೇಲೆ ಹರಿಯಿತು. ಮರುದಿನ ಬೆಳಿಗ್ಗೆ ಅಮ್ಮ ಹೋದಳು.

ಸಿಡುಬಿನ ಹೆಣ ಇಟ್ಟುಕೊಳ್ಳುವ ಹಾಗಿಲ್ಲ. ಸ್ಮಶಾನದ ಬಾಗಿಲಲ್ಲಿ ಹಿರಿಯರು ಮೂಗಿಗೆ ಬಟ್ಟೆ ಒತ್ತಿ ದೂರ ನಿಂತಿದ್ದರು. ತಪ್ಪೊಪ್ಪಿದಳಾ ಎಂದು ಕೇಳಿದರು. ಇಲ್ಲ, ಭೋಜನ ತೆಗೆದುಕೊಂಡಳು ಅಂದರು ಉಪದೇಶಿಯವರು. ಯಾರು ಕೊಟ್ಟದ್ದು ಎಂದರೆ ನಾನು ಅಂದರು. ಹಿರಿಯರಲ್ಲಿ ಒಬ್ಬರು ಇವರ ಬಾಲ್ಯದ ಗೆಳೆಯರು, ಇವರ ಕೆಲಸ ಉಳಿಸಬೇಕೆಂದು ದಾರಿ ಮಾಡಿಕೊಟ್ಟರು.

"ರೋಗಿಯ ಬಾಯಿಗೆ ಗಂಜಿ ಬಿಟ್ಟದ್ದಲ್ಲವಾ ಮಾರಾಯ? ಹಾಗೆ ಹೇಳು."

"ಗಂಜಿಯೇ," ಅಂದರು. "ಊಟ ಮಾತ್ರ ಕರ್ತನದು. ತಪ್ಪು ನನ್ನದಿದ್ದರೆ ನನ್ನನ್ನು ಹೊರಗೆ ಹಾಕಿ. ಉಂಡವಳನ್ನು ಹಾಕಬೇಡಿ."

ಅಪ್ಪ ಚಟ್ಟದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬಿಸಿಲು ಏರುತ್ತಿತ್ತು, ವಾಸನೆ ಶುರುವಾಗಿತ್ತು. ಕಡೆಗೆ ಬಾಗಿಲು ತೆರೆದರು. ಮುಂದಿನ ಭಾನುವಾರ ಉಪದೇಶಿಯವರ ಕೆಲಸ ಹೋಯಿತು, ಕರ್ತನ ಮೇಜಿನ ಭೋಜನವೂ ಹೋಯಿತು.

ಆಮೇಲೆ ಅವರು ಅಪ್ಪನ ಜೊತೆ ಕಾರ್ಖಾನೆಯಲ್ಲಿ ಮಣ್ಣು ಹೊತ್ತರು. ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುವುದು, ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗುವುದು. ವರ್ಷಗಳ ಮೇಲೆ ಬಂದ ಹೊಸ ಪಾದ್ರಿಗಳು ಮೆತ್ತನೆಯ ಮನುಷ್ಯ. ಆ ದಿನ ಕೊಟ್ಟದ್ದು ಭೋಜನ ಅಲ್ಲ ಎಂದು ಒಂದು ಮಾತು ಹೇಳಿ, ಎಲ್ಲ ಸರಿಮಾಡುತ್ತೇನೆ ಎಂದು ಅವರೇ ಉಪದೇಶಿಯವರ ಮನೆಗೆ ಬಂದು ಕೇಳಿಕೊಂಡರು. ಅಷ್ಟರಲ್ಲಿ ನಾನು ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹೇಳಿಬಿಡಿ, ಅಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಾನೂ ಕೈ ಹಿಡಿದು ಬೇಡಿಕೊಂಡೆ.

"ಹಾಗೆ ಹೇಳಿದರೆ ಅವಳು ಹಸಿದು ಸತ್ತ ಹಾಗಾಗ್ತದೆ ಮಗಾ," ಅಂದರು.

ಎರಡನೆಯ ಯುದ್ಧದ ಕಾಲದಲ್ಲಿ, ಅಕ್ಕಿಗೆ ಪರದಾಡುತ್ತಿದ್ದಾಗ, ಅವರು ಎದೆ ಕಟ್ಟಿ ತೀರಿಕೊಂಡರು. ಬಾಯಿಗೆ ನೀರು ಬಿಟ್ಟದ್ದು ನಾನು. ಸಭೆಗೆ ಮರಳಿ ಸೇರದವರೆಂದು ಹಿರಿಯರು ಕಟ್ಟಳೆ ಹೇಳಿದರು. ನಾನು ಸ್ಮಶಾನದ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ, ಅತ್ತೂ ನೋಡಿದೆ. ಯಾರೂ ಕೇಳಲಿಲ್ಲ.

ದೇವರು ತನ್ನನ್ನು ಹೇಗೆ ತಿಳಿಯಪಡಿಸುತ್ತಾನೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ವರ್ಷಕ್ಕೊಮ್ಮೆ ಕತ್ತಿ ಹಿಡಿದು ಹೋಗುತ್ತೇನೆ. ಅಮ್ಮನ ಗೋರಿಯ ಹುಲ್ಲು ಸವರಿ, ಬಾಗಿಲಿನಿಂದ ಆಚೆ ಬಂದು, ಗೋಡೆಯ ಸುತ್ತ ನಡೆದು, ಮುಳ್ಳಿನ ಪೊದೆ ಕಡಿದು ಅವರ ಹತ್ತಿರ ಕೂರುತ್ತೇನೆ.