ನೀರುಗಂಟಿಯ ಊಟ

ನಾಲೆಯಲ್ಲಿ ನೀರಿರುವಷ್ಟು ದಿನ ಹೊನ್ನಯ್ಯ ಯಾರ ಮನೆಯಲ್ಲೂ ಉಣ್ಣುವಂತಿರಲಿಲ್ಲ. ಅದು ಊರಿನ ಕಟ್ಟಳೆ. ಅದರಲ್ಲಿ ಅರ್ಧ ಅವನದೇ ಮಾತು.

ಮಳವಳ್ಳಿಯಿಂದ ಎಂಟು ಕಿಲೋಮೀಟರ್ ದೂರದ ಆ ಊರಿನಲ್ಲಿ, ಹನ್ನೊಂದು ವರ್ಷದ ಹಿಂದೆ, ನಾಲೆಯ ತೂಬಿನ ಮುಂದೆ ಗುದ್ದಲಿ ಏಟಿಗೆ ಇಬ್ಬರ ತಲೆ ಒಡೆದಿತ್ತು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಆಗಿನ ನೀರುಗಂಟಿ, ಒಬ್ಬನ ಮನೆಯಲ್ಲಿ ಕೋಳಿಸಾರು ಉಂಡು ಅವನಿಗೆ ಅರ್ಧ ಗಂಟೆ ಹೆಚ್ಚು ಬಿಟ್ಟನೆಂಬುದೇ ಜಗಳದ ಮೂಲ. ರಾಜಿಯಾದ ಮೇಲೆ ಜನ ಮಾರಿಗುಡಿ ಮುಂದೆ ಕೂತು ನಾಲ್ಕು ಕಟ್ಟಳೆ ಬರೆದರು. ತೂಬಿನ ಹತ್ತಿರ ಗುದ್ದಲಿ ತರುವಂತಿಲ್ಲ. ಕುಡಿದು ನಾಲೆಯ ಏರಿ ಹತ್ತುವಂತಿಲ್ಲ. ಸರದಿಯ ತಕರಾರು ಗುಡಿ ಮುಂದೆಯೇ ತೀರಬೇಕು. ಕೊನೆಯದು, ನೀರುಗಂಟಿ ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ಹೊಸ ನೀರುಗಂಟಿಯಾಗಲು ಒಪ್ಪಿದ ಹೊನ್ನಯ್ಯನೇ, "ಕಾಪಿ, ನೀರೂ ಸೇರುಸ್ಬುಡಿ. ಅಳತೆ ಅಂದ್ಮೇಲೆ ಅಳತೆ" ಎಂದಿದ್ದ. ಆಗ ಹೆಂಡತಿ ಕಾಮಾಕ್ಷಮ್ಮ ಇದ್ದಳು.

ಗೆರೆ ಹಾಕಿದ ಬಿದಿರು ಗಳುವನ್ನು ನೀರಲ್ಲಿ ನೆಟ್ಟು, ಎಕರೆಗೆ ಮೂರು ಗಂಟೆಯಂತೆ ಗಡಿಯಾರ ನೋಡಿ ಹೊನ್ನಯ್ಯ ತೂಬಿನ ಹಲಗೆ ಎತ್ತಿಳಿಸುತ್ತಿದ್ದ. ಅಂದಿನಿಂದ ನೀರಿನ ಜಗಳಕ್ಕೆ ಒಂದು ಕೈಯೂ ಮೇಲೇಳಲಿಲ್ಲ. ಕಾಮಾಕ್ಷಮ್ಮ ತೀರಿಕೊಂಡ ನಾಲ್ಕು ವರ್ಷದಿಂದ ಮುದ್ದೆ ತಾನೇ ತಿರುವಿಕೊಳ್ಳುತ್ತಿದ್ದ. ಊಟಕ್ಕೆ ಕರೆಯುವಂತಿಲ್ಲವೆಂದು ಬಿಟ್ಟ ಜನ, ನಾಲೆ ಒಣಗಿದ ತಿಂಗಳುಗಳಲ್ಲೂ ಕರೆಯುವುದನ್ನು ಮರೆತರು.

ಈ ಸಲ ಅವನ ತಮ್ಮ ಸ್ವಾಮಿಯ ಮಗಳು ಗಗನಳ ಬೀಗರೂಟ ನೀರಿನ ದಿನಗಳಲ್ಲೇ ಬಂತು. ಹೆಗಲ ಮೇಲೆ ಹೊತ್ತು ನಾಲೆ ತೋರಿಸಿದ ಕೂಸು. ಅವಳ ಬೀಗರೂಟದ ಪಂಕ್ತಿಯಲ್ಲಿ ಒಮ್ಮೆ ಕೂರಬೇಕೆಂದು ಹೊನ್ನಯ್ಯನ ಜೀವ ಹೊಡೆದುಕೊಳ್ಳುತ್ತಿತ್ತು.

"ಕೂತ್ಕಳ್ಲಾ ಹೊನ್ನ," ಎಂದರು ಪಂಕ್ತಿಯಲ್ಲಿ ಕೂತಿದ್ದ ಊರ ಹಿರಿಯ ಚಿಕ್ಕಣ್ಣ. "ಒಂದಿನಕ್ಕೆ ಊರೇನು ಮುಳುಗೋಯ್ತದಾ?"

"ನಾಳೆ ಯಾರ ಸರದಿ?" ಎಂದ ಹೊನ್ನಯ್ಯ.

ಚಿಕ್ಕಣ್ಣ ಸ್ವಾಮಿಯ ಮುಖ ನೋಡಿದರು.

"ನಂದೇ ಕಣಣ್ಣ," ಎಂದ ಸ್ವಾಮಿ. "ಒಡಹುಟ್ದೋನ ಮನೇಲಿ ಉಂಡ್ರೂ ತಪ್ಪಾ? ನಿನ್ ಗಡಿಯಾರನೇ ಮದ್ವೆ ಆಗ್ಬುಡು ಓಗು!"

ಪಂಕ್ತಿಯೆಲ್ಲ ನಕ್ಕಿತು. ಹೊನ್ನಯ್ಯನೂ ನಕ್ಕ. ಎರಡು ಸಾಲಿಗೆ ಮುದ್ದೆ ಬಡಿಸಿ, ಕೈ ತೊಳೆದು, ಮನೆಗೆ ನಡೆದ.

ಒಲೆಯ ಮೇಲೆ ಎಸರು ಕುದಿಯುವಾಗ ಬಾಗಿಲಲ್ಲಿ ಬಳೆ ಸದ್ದಾಯಿತು. ರೇಷ್ಮೆ ಸೀರೆಯ ಗಗನ, ಕೈಯಲ್ಲೊಂದು ಬಾಳೆಎಲೆ.

"ಬ್ಯಾಡ ಕಣವ್ವ, ಅಲ್ಲಿಂದ ಏನೂ ತರ್ಬ್ಯಾಡ."

"ಬರೀ ಎಲೆ ಕಣ್ ದೊಡ್ಡಪ್ಪ. ನೀನು ನಮ್ಮನೇಲಿ ಉಣ್ಣಂಗಿಲ್ಲ. ನಾನು ನಿಮ್ಮನೇಲಿ ಉಣ್ಣಂಗಿಲ್ಲ ಅಂತ ಯಾರ್ ಬರ್ದವ್ರೆ?"

ಹೊನ್ನಯ್ಯ ನಾಲ್ಕೂ ಕಟ್ಟಳೆಗಳನ್ನು ಮನಸ್ಸಿನಲ್ಲೇ ಓದಿಕೊಂಡ. ಯಾರೂ ಬರೆದಿರಲಿಲ್ಲ. ಬನ್ನಿ ಎಂದು ಅವನೂ ಯಾರನ್ನೂ ಕರೆದಿರಲಿಲ್ಲ.

ಒಬ್ಬರ ಹಿಟ್ಟಿನಲ್ಲಿ ಎರಡು ಪುಟ್ಟ ಮುದ್ದೆಯಾದವು. "ಸಾರಿಗೆ ಉಪ್ಪು ಕಮ್ಮಿ," ಎನ್ನುತ್ತಲೇ ಗಗನ ಎಲೆ ಬಳಿದು ಉಂಡಳು.

ಮರುದಿನ ಗಂಡನ ಮನೆಗೆ ಹೊರಟ ಅವಳ ಕಾರು ಮದ್ದೂರಿನ ಕಡೆಗೆ ಸೇತುವೆ ದಾಟುವಾಗ ಹೊನ್ನಯ್ಯ ತೂಬಿನ ಬಳಿ ನಿಂತು ಕೈ ಎತ್ತಿದ. ಸ್ವಾಮಿಯ ಸರದಿ ಮುಗಿಯಲು ಇನ್ನೂ ಹದಿನೆಂಟು ನಿಮಿಷ ಉಳಿದಿತ್ತು. ಅದು ಮುಗಿದೊಡನೆ ಹಲಗೆ ಇಳಿಸಿದ.

"ಮಧ್ಯಾನ ಉಣ್ಣಕ್ ಬಾರ್ಲಾ," ಎಂದು ಗದ್ದೆಯಲ್ಲಿದ್ದ ತಮ್ಮನಿಗೆ ಕೂಗಿದ.

ಸ್ವಾಮಿ ತಲೆ ಎತ್ತಲಿಲ್ಲ. "ನೋಡಮ ಬುಡು."

ಹೊನ್ನಯ್ಯ ಮನೆಗೆ ಬಂದು, ಎಸರಿಗೆ ಒಂದಲ್ಲ, ಎರಡು ಚೊಂಬು ನೀರಿಟ್ಟ.