ಅತ್ತೆಯ ಮೊಣಕಾಲಿನ ನೀಲಿ

ಆ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಗ್ಯಾಲರಿಯ ತುಳಸಿಗೆ ನೀರು ಹಾಕಿ, ಜೋಳದ ಹಿಟ್ಟು ನಾದುತ್ತಿದ್ದೆ. ಏನೋ ನಡೆಯಲಿದೆ ಎಂಬ ಸುಳಿವು ಒಂದಿಷ್ಟೂ ಇರಲಿಲ್ಲ. ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು; ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ವಿಜ್ಞಾನ ಕಲಿತವಳು.

ವಾಕಡ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆಗ ಅತ್ತೆಯ ಮೊಣಕಾಲೇ ದೊಡ್ಡ ಸುದ್ದಿ. ಕೀಲು ಬದಲಾಯಿಸಿದ ಆಸ್ಪತ್ರೆಯವರು ಹೊಸ ಪ್ರಯೋಗವೊಂದಕ್ಕೆ ಅವರನ್ನು ಸೇರಿಸಿಕೊಂಡು, ಗಾಯದೊಳಗೆ ಒಂದು ಜೆಲ್ ಇಟ್ಟಿದ್ದರು. ಆಳದಲ್ಲಿ ಸೋಂಕು ಹುಟ್ಟಿದರೆ ಅದು ತಾನಾಗಿ ಔಷಧಿ ಬಿಡುತ್ತದಂತೆ, ನೀಲಿಯಾಗುತ್ತದಂತೆ. ಆ ಬಣ್ಣ ಗಾಯದ ಮೇಲಿನ ಪಾರದರ್ಶಕ ಪಟ್ಟಿಗೂ ಏರುತ್ತದಂತೆ; ಅದನ್ನು ನೋಡುತ್ತಿದ್ದರಾಯಿತು. ತಡವಾದರೆ ಕೀಲನ್ನೇ ಕಿತ್ತು ತೆಗೆಯಬೇಕಾದೀತು ಎಂದಿದ್ದರು.

“ಮತ್ತೊಮ್ಮೆ ಕೊಯ್ಯಾಕ ಬಂದ್ರ ಇದ ಕಾಲಿಲೆ ಒದೀತೀನಿ” ಎಂದಿದ್ದರು ಅತ್ತೆ.

ಚಹಾ ಕೊಡಲು ಹೋದಾಗ ನೋಡಿದೆ: ಪಟ್ಟಿ ನೀಲಿಯಾಗಿತ್ತು. ಬಿಳಿ ಬಟ್ಟೆಗೆ ಹಾಕುವ ನೀಲಿಯಷ್ಟು ಗಾಢ. ಜ್ವರವಿಲ್ಲ, ನೋವಿಲ್ಲ.

ಅತ್ತೆಗೆ ಕನ್ನಡಕ ಸಿಗಲಿಲ್ಲ. “ನಿನಗ ಎಲ್ಲಾದ್ರಾಗೂ ಕಲೆ ಕಾಣ್ತಾವ. ಮೊದಲ ರೊಟ್ಟಿ ಬಡಿ” ಎಂದರು.

ನಾನು ಕೇಳಲಿಲ್ಲ. ಪಟ್ಟಿಗೆ ತಾಗದಂತೆ ಅವರ ಸೀರೆ ಎತ್ತಿ ಹಿಡಿದು, ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಎದುರು ಮನೆಯ ಶಾಂತಕ್ಕ ಲಿಫ್ಟಿನ ಬಾಗಿಲು ಹಿಡಿದು ನಿಂತರು.

ಆಸ್ಪತ್ರೆಯಲ್ಲಿ ನೋಡಿದರೆ ಪಟ್ಟಿ ನೀರಿನಷ್ಟು ತಿಳಿ! ಡಾಕ್ಟರು ನಕ್ಕರು. ಆದರೂ ನನ್ನ ಅಳುಮುಖಕ್ಕೆ ಕರಗಿ ಸೋನೋಗ್ರಫಿ ಮಾಡಿಸಿದರು. ಕೀಲಿನ ಪಕ್ಕದಲ್ಲಿ ಕೀವು ಕೂಡತೊಡಗಿತ್ತು. ಮಧ್ಯಾಹ್ನವೇ ಅದನ್ನು ತೊಳೆದು ತೆಗೆದರು, ಕೀಲು ಉಳಿಯಿತು.

ಆಮೇಲೆ ಡಾಕ್ಟರು ನನ್ನನ್ನು ಕರೆದು, ಹೋಲಿಸಿ ನೋಡಲು ಕೆಲವರಿಗೆ ಸಾದಾ ಜೆಲ್ ಹಾಕುತ್ತೇವೆ, ನಿಮ್ಮತ್ತೆಗೆ ಹಾಕಿದ್ದು ಅದೇ, ಅದರಲ್ಲಿ ಬಣ್ಣ ಬದಲಾಗುವ ಅಂಶವೇ ಇಲ್ಲ ಎಂದರು. ಅತ್ತೆಗೆ ಇದನ್ನು ಹೇಳಿದರೆ, “ಹಂಗಾದ್ರ ನಿನ್ನ ಕಣ್ಣಾಗೂ ಒಂದಿಷ್ಟು ಔಷಧ ಹಾಕಿಸ್ಕೊ” ಎಂದು ಹಾಸಿಗೆಯಲ್ಲೇ ನಕ್ಕರು. ನಾನೂ ನಕ್ಕೆ. ನಿದ್ದೆಗೆಟ್ಟ ಕಣ್ಣು ಮೋಸ ಮಾಡಿರಬೇಕು ಎಂದುಕೊಂಡೆ. ಇವತ್ತಿಗೂ ಹಾಗೆಯೇ ಅಂದುಕೊಂಡು ಹಾಯಾಗಿರುತ್ತಿದ್ದೆನೇನೋ.

ಸಂಜೆ ಅತ್ತೆಯ ಬಟ್ಟೆ ಒಯ್ಯಲು ಮನೆಗೆ ಬಂದೆ. ಶಾಂತಕ್ಕ ಬಾಗಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದರು. ಎಲ್ಲ ಆರಾಮ ಎಂದು ಕೇಳಿ ಖುಷಿಪಟ್ಟು, ಸೊಪ್ಪಿನಿಂದ ತಲೆ ಎತ್ತದೆಯೇ ಅಂದರು:

“ಮುಂಜಾನೆ ಕೇಳೂದ ಮರ್ತೆ ನೋಡ್ರಿ. ನಿಮ್ಮತ್ತಿ ಮೊಣಕಾಲಿಗೆ ಅಷ್ಟು ನೀಲಿ ಏನ ಹಚ್ಚಿದ್ರಿ?”